ಮೊದಲು ಬಗ್ಗಿದವರು

ಹಂಪಣ್ಣನಿಗೆ ಡಾಕ್ಟರ್ ಎನಿಸಿಕೊಳ್ಳುವ ಹುಚ್ಚು ಹತ್ತಿದ್ದು ಮೂವತ್ತೈದು ದಾಟಿದ ಮೇಲೆ. ಅಲ್ಲಿಯ ತನಕ ಅವನು ಕೊಪ್ಪಳದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತ, ಸಂಜೆ ಎಲೆಅಡಿಕೆ ಹಾಕಿಕೊಂಡು, ಇದ್ದುದರಲ್ಲಿ ಸುಖವಾಗಿಯೇ ಇದ್ದ. ಎಪ್ಪತ್ತರ ದಶಕದ ನಡುವಿನಲ್ಲಿ ಕುಷ್ಟಗಿಯ ಹೊರಗಿದ್ದ ಮಠದ ವಿದ್ಯಾಪೀಠದವರು ‘ಧರ್ಮ ಮತ್ತು ನಾಯಕತ್ವ’ ಎಂಬ ವಿಷಯದಲ್ಲಿ ಡಾಕ್ಟರೇಟ್ ಕೊಡಲು ಶುರುಮಾಡಿದರು. ಸುತ್ತಲಿನ ತಾಲ್ಲೂಕುಗಳಲ್ಲಿ ಮಠದ ಶಾಲೆ ಕಾಲೇಜುಗಳು ಏಳುತ್ತಿದ್ದವು, ಅವನ್ನು ನಡೆಸುವವರು ಬೇಕಾಗಿತ್ತು. ನಾಯಕರನ್ನು ಹೊರಗಿನಿಂದ ತರುವುದಕ್ಕಿಂತ ಇಲ್ಲಿಯೇ ತಯಾರು ಮಾಡೋಣ ಎಂಬುದು ಹಿರಿಯ ಸ್ವಾಮಿಗಳ ವಿಚಾರ. ಪದವಿ ಪಡೆದವರಿಗೆ ಪ್ರಿನ್ಸಿಪಾಲರ ಕುರ್ಚಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಹಂಪಣ್ಣನಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿತ್ತು.

ನಾಯಕತ್ವವನ್ನು ಓದಿ ಕಲಿಯಬಹುದೇ ಎಂದು ಆಗ ಯಾರೂ ಕೇಳಲಿಲ್ಲ. ಕೇಳಬೇಕಾಗಿತ್ತು.

ಬರೆಯುವುದು ಯಾರ ಮೇಲೆ ಎಂದು ಅವನು ಬಹಳ ತಲೆ ಕೆಡಿಸಿಕೊಳ್ಳಲಿಲ್ಲ. ಅವನ ಸೋದರಮಾವ ದೊಡ್ಡಬಸಪ್ಪ, ಇರಕಲ್ಲಗಡ ಹೋಬಳಿಯ ಕಲ್ಲಹಾಳದ ಹಿರಿಯ, ಹೆಣ್ಣು ಕೊಟ್ಟ ಮಾವನೂ ಹೌದು. ಆಸ್ತಿ ಅಷ್ಟಕ್ಕಷ್ಟೆ, ಚುನಾವಣೆಗೆ ನಿಂತವನಲ್ಲ, ಚಾವಡಿಯಲ್ಲಿ ದನಿ ಎತ್ತಿದವನಲ್ಲ. ಆದರೆ ಕಲ್ಲಹಾಳದಲ್ಲಿ ಜಗಳವೊಂದು ಕೋರ್ಟು ಮೆಟ್ಟಿಲು ಹತ್ತಿದ್ದು ಯಾರಿಗೂ ನೆನಪಿಲ್ಲ. ಯಲಬುರ್ಗಾದ ವಕೀಲರೊಬ್ಬರು ‘ಈ ಮುದುಕ ಇರೂತನಕಾ ಆ ಊರಿಂದ ನಮಗ ಅನ್ನ ಇಲ್ಲ’ ಎಂದು ನಗುತ್ತಿದ್ದರಂತೆ. ದೊಡ್ಡಬಸಪ್ಪ ಸುಳ್ಳು ಹೇಳುವವನಲ್ಲ ಎಂಬುದು ಸುತ್ತಲಿನವರಿಗೆಲ್ಲ ಸೂರ್ಯ ಮೂಡುವಷ್ಟು ಸಹಜವಾದ ಮಾತಾಗಿತ್ತು. ಅವನ ಎತ್ತನ್ನು ಹಲ್ಲು ನೋಡದೆ ಕೊಳ್ಳುತ್ತಿದ್ದರು.

ಹಂಪಣ್ಣ ತನ್ನ ಸಂಸಾರದಲ್ಲೇ ಆ ಕೈಗುಣ ಕಂಡಿದ್ದ. ಮದುವೆಯಾದ ಹೊಸದರಲ್ಲಿ, ಹೆಂಡತಿ ಪಂಪಮ್ಮನ ತವರಿಂದ ಬಂದಿದ್ದ ಆಕಳಕರುವನ್ನು ಅವನು ಅವಳಿಗೆ ಒಂದು ಮಾತೂ ಹೇಳದೆ ಕುಕನೂರಿನ ತನ್ನ ತಂಗಿಗೆ ಹೊಡೆದು ಕಳಿಸಿದ್ದ. ಪಂಪಮ್ಮ ಕೂಗಾಡಲಿಲ್ಲ, ಬಟ್ಟೆಗಂಟು ಎತ್ತಿಕೊಂಡು ಕಲ್ಲಹಾಳಕ್ಕೆ ಹೋಗಿಬಿಟ್ಟಳು. ಅವಳಾಗಿ ಬರಲಿ ಎಂದು ಇವನು, ಅವರಾಗಿ ಕರೆಯಲಿ ಎಂದು ಅವಳು. ಬಿತ್ತನೆಯ ಹೊತ್ತಿಗೆ ಹೋದವಳು ಸುಗ್ಗಿ ಬಂದರೂ ತಿರುಗಿ ಬರಲಿಲ್ಲ. ಆಗ ಒಂದು ಬೆಳಿಗ್ಗೆ ದೊಡ್ಡಬಸಪ್ಪ ಕೊಪ್ಪಳಕ್ಕೆ ಬಂದು ಅಳಿಯನ ಪಕ್ಕದಲ್ಲಿ ಕೂತು, ಪಂಪಿಯೇ ತನ್ನನ್ನು ಕಳಿಸಿದ್ದಾಳೆಂದೂ, ತಪ್ಪು ತನ್ನದೇ ಎನ್ನುತ್ತಿದ್ದಾಳೆಂದೂ ಹೇಳಿದ. ಹೇಳಿ ಒಂದು ಕಟ್ಟುಪಾಡು ಹಾಕಿದ: “ಈ ಮಾತು ಅಕಿ ಮುಂದ ಎಂದೂ ಎತ್ತಬ್ಯಾಡ. ಬಗ್ಗಿದವರಿಗೆ ಬಗ್ಗಿದಿ ಅಂತ ಅನಬಾರದು.” ಹಂಪಣ್ಣನ ಎದೆ ಹಗುರಾಯಿತು. ಸೋತು ಬಂದ ಹೆಂಡತಿಯನ್ನು ಹೂವಿನಂತೆ ನೋಡಿಕೊಳ್ಳಬೇಕೆಂದು ನಿಶ್ಚಯಿಸಿ, ಹಾಗೆಯೇ ನೋಡಿಕೊಂಡ. ಪಂಪಮ್ಮನೂ ಅವನನ್ನು ಅಷ್ಟೇ ಮೆತ್ತಗೆ ನೋಡಿಕೊಂಡಳು. ಅದು ಯಾಕೆಂದು ಅವನು ಕೇಳಿಕೊಳ್ಳಲಿಲ್ಲ, ಮಾತು ಎಂದೂ ಎತ್ತಲಿಲ್ಲ.

ಹೀಗೆ ಮಾವನ ಮೇಲೆಯೇ ಮಹಾಪ್ರಬಂಧ ಎಂದಾಯಿತು. ರಜೆ ಬಂತೆಂದರೆ ಹಂಪಣ್ಣ ಇರಕಲ್ಲಗಡದ ಬಸ್ಸು ಹತ್ತುತ್ತಿದ್ದ. ಹಳೆಯ ಜಗಳಗಳನ್ನು ಕೆದಕಿ, ಅವು ಹೇಗೆ ಬಗೆಹರಿದವೆಂದು ಕೇಳುತ್ತ ಮನೆ ಮನೆ ಅಲೆದ. ವಿದ್ಯಾಪೀಠದವರು ಒಂದು ಮಾತು ಕಲಿಸಿದ್ದರು, ಒಂದೇ ಬದಿಯನ್ನು ಕೇಳಿ ಬರೆಯಬಾರದು, ಎರಡೂ ಬದಿಯನ್ನು ಕೇಳಬೇಕು. ಒಳ್ಳೆಯ ಪಾಠವೇ. ಎಲ್ಲ ಅನಾಹುತಕ್ಕೂ ಅದೇ ಬಾಗಿಲಾಯಿತು.

ಮಾರೆಪ್ಪ, ವಿರುಪಣ್ಣ ಎಂದು ಇಬ್ಬರು ದಾಯಾದಿಗಳು. ಇಬ್ಬರ ಹೊಲದ ನಡುವೆ ಒಂದೇ ಬಾವಿ. ನೀರಿನ ಸರದಿಯ ಸಲುವಾಗಿ ಹಿಂದೊಮ್ಮೆ ಕುಡುಗೋಲು ಹಿರಿದವರು, ಈಗ ಒಂದೇ ತಾಟಿನಲ್ಲಿ ಉಣ್ಣುವಷ್ಟು ಅನ್ಯೋನ್ಯ. ಹಂಪಣ್ಣ ಮಾರೆಪ್ಪನನ್ನು ಕೇಳಿದಾಗ ಅವನು ಅತ್ತ ಇತ್ತ ನೋಡಿ, ಯಾರ ಮುಂದೆಯೂ ಹೇಳಬಾರದೆಂದು ಆಣೆ ಹಾಕಿಸಿಕೊಂಡು ಹೇಳಿದ, ಮೊದಲು ಬಗ್ಗಿದವನು ವಿರುಪಣ್ಣ. ಯಜಮಾನ ದೊಡ್ಡಬಸಪ್ಪನ ಕಾಲು ಹಿಡಿದು, ಮಾರೆಪ್ಪನ್ನ ಸಮಾಧಾನ ಮಾಡ್ರಿ ಎಂದು ಅತ್ತನಂತೆ. ಮರುದಿನ ವಿರುಪಣ್ಣನ ಮನೆ. ಅವನೂ ಅತ್ತ ಇತ್ತ ನೋಡಿದ, ಅವನೂ ಆಣೆ ಹಾಕಿಸಿಕೊಂಡ. ಮೊದಲು ಬಗ್ಗಿದವನು ಮಾರೆಪ್ಪನಂತೆ. ಯಜಮಾನನ ಕಾಲು ಹಿಡಿದು ಅತ್ತನಂತೆ.

ಹಂಪಣ್ಣನಿಗೆ ಮೊದಲು ನಗು ಬಂತು, ಆಮೇಲೆ ಮೈ ಜುಮ್ಮೆಂದಿತು. ಇನ್ನೊಂದು ಜಗಳ ಹಿಡಿದ. ಅತ್ತೆ ಮುದುಕವ್ವ ಸೊಸೆಯೇ ಸೋತಳೆಂದಳು, ಸೊಸೆ ದುರುಗವ್ವ ಅತ್ತೆಯೇ ಸೋತಳೆಂದಳು. ಮತ್ತೊಂದು ಹಿಡಿದ, ಅಲ್ಲೂ ಅದೇ. ಊರಿಗೆ ಊರೇ ಎದುರಿನವರು ಮೊದಲು ಬಗ್ಗಿದರೆಂದು ನಂಬಿಕೊಂಡು, ಆ ಬಗ್ಗಿದವರನ್ನು ನೋಯಿಸಬಾರದೆಂದು ನಾಲಿಗೆ ಬಿಗಿಹಿಡಿದುಕೊಂಡು, ಒಬ್ಬರಿಗೊಬ್ಬರು ದೊಡ್ಡ ಮನಸ್ಸು ತೋರಿಸುತ್ತ ಬದುಕುತ್ತಿತ್ತು. ಸುಳ್ಳೇ ಹೇಳದ ದೊಡ್ಡಬಸಪ್ಪ ಎರಡೂ ಬಾಗಿಲಿಗೆ ಹೋಗಿ ಒಂದೇ ಸುಳ್ಳು ಹೇಳಿ ಬಂದಿದ್ದ. ಅವನು ಸುಳ್ಳು ಹೇಳದವನೆಂದೇ ಆ ಸುಳ್ಳು ನಡೆದಿತ್ತು.

ಇಷ್ಟೆಲ್ಲ ಕಂಡುಹಿಡಿದ ಬುದ್ಧಿವಂತನಿಗೆ ತನ್ನ ಮನೆಯ ಆಕಳಕರು ನೆನಪಾಗಲಿಲ್ಲ. ಊರವರ ಬದುಕನ್ನು ಓದಲು ಹೋದವನು ತನ್ನದನ್ನು ಮನೆಯಲ್ಲೇ ಬಿಟ್ಟುಹೋಗಿದ್ದ.

ಅವನು ಮಾವನ ಮುಂದೆ ಹೋಗಿ ಕೂತು, ಕಂಡದ್ದನ್ನೆಲ್ಲ ಹೇಳಿದ. ದೊಡ್ಡಬಸಪ್ಪ ಕಣ್ಣಿಯ ಹಗ್ಗ ಹೊಸೆಯುತ್ತಿದ್ದ. ಕೈ ನಿಲ್ಲಿಸಲಿಲ್ಲ. ಇಬ್ಬರ ನಡುವಿನ ದಾರಿಯಲ್ಲಿ ಮೊದಲ ಹೆಜ್ಜೆಯೊಂದೇ ಭಾರ, ಅದನ್ನು ಯಾರಾದರೂ ಹೊತ್ತರೆ ಉಳಿದದ್ದು ಅವರೇ ನಡೆಯುತ್ತಾರೆ ಎಂದ. ತಾನು ಆ ಒಂದು ಹೆಜ್ಜೆಯ ಹೊರೆಯವನು, ಅಷ್ಟೆ ಎಂದ. ಕೊನೆಗೆ ಹಗ್ಗ ಕೆಳಗಿಟ್ಟು ಅಳಿಯನ ಮುಖ ನೋಡಿದ.

“ಹಂಪಣ್ಣ, ನೀ ಓದಿದಂವ, ನಿನಗ ತಿಳೀತು. ಆದ್ರ ಇದು ಬಾಯಿಗೆ ಬಂತಂದ್ರ ಮುಗೀತು. ನಾ ಸತ್ತ ಮ್ಯಾಲೂ ಬಾಯಿಗೆ ತರಬ್ಯಾಡ. ಊರು ಇದರ ಮ್ಯಾಲ ನಿಂತೈತಿ.”

ಹಂಪಣ್ಣ ಮಾತು ಕೊಟ್ಟ. ಕೊಟ್ಟ ಗಳಿಗೆಯಲ್ಲಿ ಅದು ಖರೆಯೇ ಆಗಿತ್ತು, ಅಷ್ಟನ್ನು ಅವನ ಪರವಾಗಿ ಹೇಳಬೇಕು. ಪ್ರಬಂಧದಲ್ಲಿ ಆ ಸಂಗತಿಯ ಸುಳಿವೂ ಬಾರದಂತೆ ಬರೆದ. ಮಾವನ ತಾಳ್ಮೆ, ಸತ್ಯಸಂಧತೆ, ಸರಳತೆ ಎಂದು ಪುಟಗಟ್ಟಲೆ ತುಂಬಿಸಿದ. ಅದನ್ನು ತಿದ್ದುತ್ತಿದ್ದ ಹಿರಿಯ ಸ್ವಾಮಿಗಳು ಪ್ರತಿ ಸಲವೂ ‘ಎಲ್ಲಾ ಛಲೋ ಐತಿ, ಆದ್ರ ಇದರಾಗ ಜೀವ ಇಲ್ಲ’ ಎಂದು ತಿರುಗಿ ಕೊಡುತ್ತಿದ್ದರು. ಹೀಗೆ ವರ್ಷಗಳು ಹೋದವು. ಜೊತೆಗೆ ಸೇರಿದವರು ಡಾಕ್ಟರರಾಗಿ, ಒಬ್ಬ ಗಂಗಾವತಿಯಲ್ಲಿ ಪ್ರಿನ್ಸಿಪಾಲನೂ ಆದ. ಕಾಲೇಜಿನ ಜವಾನ ಸಹ ‘ಇನ್ನೂ ಮುಗದಿಲ್ಲೇನ್ರಿ ಸರ?’ ಎಂದು ಕೇಳುವ ಹೊತ್ತಿಗೆ ಎಂಬತ್ತಮೂರನೆಯ ಇಸವಿ ಬಂದು, ಕಡೆಗೂ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು.

ಆ ವಿದ್ಯಾಪೀಠದ್ದೊಂದು ಪದ್ಧತಿ ಇತ್ತು. ಬೇರೆ ಕಡೆ ಕದ ಹಾಕಿಕೊಂಡು ಪರೀಕ್ಷೆ ಮಾಡಿದರೆ ಇಲ್ಲಿ ಮಠದ ಸಭಾಂಗಣದಲ್ಲಿ, ಭಕ್ತರ ಎದುರಿಗೆ. ಭಕ್ತರು ಹೊತ್ತು ತಂದ ಜೋಳದಿಂದ ನಡೆಯುವ ವಿದ್ಯೆ, ಅದರ ಪರೀಕ್ಷೆಯನ್ನೂ ಅವರೇ ಕಾಣಲಿ ಎಂದು. ಯಾರ ಮೇಲೆ ಬರೆದಿದ್ದಾರೋ ಅವರನ್ನು ಕರೆಸಿ ಶಾಲು ಹೊದಿಸುವುದೂ ಉಂಟು. ಹಂಪಣ್ಣನಿಗೆ ಮಾವನೊಬ್ಬನನ್ನು ಕರೆದೊಯ್ದರೆ ಸಾಕಾಗಿತ್ತು. ಆದರೆ ತನ್ನ ಹೆಸರಿನ ಮುಂದೆ ಡಾಕ್ಟರ್ ಹತ್ತುವುದನ್ನು ಊರೆಲ್ಲ ನೋಡಲಿ ಎಂಬ ಆಸೆ. ಒಂದು ಲಾರಿ ಗೊತ್ತುಮಾಡಿ, ಹಾಸಲು ಜಮಖಾನೆ ಹಾಕಿಸಿ, ಕಲ್ಲಹಾಳದ ಹಿರಿಯರನ್ನೂ ಹೆಂಗಸರನ್ನೂ ಕುಷ್ಟಗಿಗೆ ಕರೆತಂದ. ಮಾರೆಪ್ಪ ವಿರುಪಣ್ಣ ಒಂದೇ ಜಮಖಾನೆಯ ಮೇಲೆ, ಹೆಗಲಿಗೆ ಹೆಗಲು ಹಚ್ಚಿ ಕೂತು ಬಂದರು. ಪಂಪಮ್ಮ ಹೊಸ ಇಳಕಲ್ ಸೀರೆ ಉಟ್ಟು ಹೆಂಗಸರ ಸಾಲಿನ ಮುಂದೆಯೇ ಕೂತಳು.

ವೇದಿಕೆಯ ಮೇಲಿನ ಗೋಡೆಗೆ ‘ಸತ್ಯವೇ ಸಾರಥ್ಯ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಹೊರಗಿನಿಂದ ಬಂದ ಪರೀಕ್ಷಕರು ಬೆಳ್ಳಗಿನ ಕೃಶ ಮನುಷ್ಯ, ಮೆಲ್ಲಗೆ ಮಾತಾಡಿ ಆಳಕ್ಕೆ ಚುಚ್ಚುವವರು. ಅವರು ಪ್ರಬಂಧವನ್ನು ಮುಂದಿಟ್ಟುಕೊಂಡು, ಇದು ಸಂಶೋಧನೆಯಲ್ಲ, ಅಳಿಯ ಮಾವನಿಗೆ ಮಾಡಿದ ಭಜನೆ ಎಂದರು. ಸಭೆ ನಕ್ಕಿತು. ಮನುಷ್ಯ ಒಳ್ಳೆಯವನೆಂದ ಮಾತ್ರಕ್ಕೆ ಕುಡುಗೋಲು ಹಿರಿದವರು ಕೆಳಗಿಡುತ್ತಾರೆಯೇ, ಇವರ ಕೆಲಸದ ಬಗೆ ಯಾವುದು, ಅದನ್ನು ಕಾಣದಿದ್ದರೆ ಇಷ್ಟು ವರ್ಷ ಏನು ಮಾಡಿದಿರಿ ಎಂದರು. ಹಂಪಣ್ಣ ತಾಳ್ಮೆ ಎಂದ, ಸರಳತೆ ಎಂದ. ಪರೀಕ್ಷಕರು ಪುಟ ಮುಚ್ಚಿ, ಇನ್ನೊಂದು ವರ್ಷ ದುಡಿದು ಬರಲಿ ಎಂದು ಸ್ವಾಮಿಗಳ ಕಡೆ ಬಾಗಿದರು. ಸ್ವಾಮಿಗಳು ಬೇಡವೆನ್ನಲಿಲ್ಲ.

ಊರೆಲ್ಲ ನೋಡುತ್ತಿತ್ತು. ತಾನೇ ಲಾರಿ ಮಾಡಿ ತಂದ ಊರು. ಮುಂದಿನ ಸಾಲಿನಲ್ಲಿ ಹೆಂಡತಿ. ಹಂಪಣ್ಣನ ಕಿವಿ ಕಾದವು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ನಿಲ್ಲುವುದು ಅವನಿಂದ ಆಗಲಿಲ್ಲ. ಮಾವನ ಕಡೆ ಒಂದು ಸಲ ನೋಡಿದ್ದರೆ ನಾಲಿಗೆ ನಿಲ್ಲುತ್ತಿತ್ತೇನೋ. ಅವನು ನೋಡಲಿಲ್ಲ, ಗೋಡೆಯ ಮೇಲಿನ ಅಕ್ಷರ ನೋಡಿ ಬಾಯಿ ತೆರೆದ.

ಹೆಸರು ಹೇಳಲಿಲ್ಲ, ಒಂದು ಬಾವಿಯ ಇಬ್ಬರು ಪಾಲುದಾರರು ಎಂದಷ್ಟೇ ಅಂದ. ಒಬ್ಬ ಅತ್ತೆ, ಒಬ್ಬ ಸೊಸೆ ಎಂದ. ಎರಡೂ ಬಾಗಿಲಿಗೆ ಹೋದ ಒಂದೇ ಮಾತಿನ ಕಥೆಯನ್ನು ಅವನು ಎಷ್ಟು ಚೆನ್ನಾಗಿ ಹೇಳಿದನೆಂದರೆ, ಇಷ್ಟು ವರ್ಷ ಪಾಠ ಹೇಳಿದ್ದು ಈ ಒಂದು ತಾಸಿಗಾಗಿಯೇ ಎನ್ನುವ ಹಾಗಿತ್ತು. ನಾಯಕನೆಂದರೆ ಮುಂದೆ ನಡೆಯುವವನಲ್ಲ, ಇಬ್ಬರ ಸೋಲನ್ನು ತನ್ನ ತಲೆಯ ಮೇಲೆ ಹೊತ್ತು ಇಬ್ಬರಿಗೂ ಗೆಲುವು ಹಂಚುವವನು ಎಂದ. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಸ್ವಾಮಿಗಳು, ಈಗ ಇದಕ್ಕೆ ಜೀವ ಬಂತು, ಇದನ್ನೇ ಬರೆದು ಸೇರಿಸಲಿ ಎಂದರು. ಚಪ್ಪಾಳೆ ಬಿತ್ತು. ಪದವಿ ಘೋಷಣೆಯಾಯಿತು.

ಚಪ್ಪಾಳೆ ಬಿದ್ದದ್ದು ಕುಷ್ಟಗಿಯವರದು. ಕಲ್ಲಹಾಳದ ಸಾಲು ಸುಮ್ಮನೆ ಕೂತಿತ್ತು. ಮುದುಕವ್ವ ಸೊಸೆಯ ಕಡೆ ತಿರುಗಿದಳು, ಸೊಸೆ ಮುಖ ತಿರುವಿದಳು. ವಿರುಪಣ್ಣ ಮಾರೆಪ್ಪನ ಪಕ್ಕದಿಂದ ಎದ್ದು ಕಂಬಕ್ಕೆ ಒರಗಿ ನಿಂತ. ವೇದಿಕೆಯ ಮೇಲೆ ದೊಡ್ಡಬಸಪ್ಪನಿಗೆ ಶಾಲು ಹೊದಿಸಿದರು. ಅವನು ಕೈ ಮುಗಿದ, ಶಾಲು ತೆಗೆದು ಮಡಚಿದ, ಕುರ್ಚಿಯ ಮೇಲೆಯೇ ಇಟ್ಟು ಕೆಳಗಿಳಿದ.

ಲಾರಿಯಲ್ಲಿ ತಿರುಗಿ ಹೋಗುವಾಗ ಮಾರೆಪ್ಪ ಮುಂದೆ, ವಿರುಪಣ್ಣ ಹಿಂದೆ ಕೂತರಂತೆ. ಹಂಪಣ್ಣ ಅದನ್ನು ಕಾಣಲಿಲ್ಲ. ಅವನೂ ಪಂಪಮ್ಮನೂ ಕೊಪ್ಪಳದ ಬಸ್ಸಿಗೆ ಬಂದರು. ಸಭೆಯಲ್ಲಿ ಹಾಕಿದ ಹಾರ ಹಂಪಣ್ಣನ ಕೊರಳಲ್ಲಿ ಇನ್ನೂ ಇತ್ತು. ಪಂಪಮ್ಮ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬಿಸಿಲು ಇಳಿದು ಎಳ್ಳಿನ ಹೊಲಗಳ ಮೇಲೆ ನೆರಳು ಬಿದ್ದಿತ್ತು. ಅವಳು ತಿರುಗದೆಯೇ ಕೇಳಿದಳು.

“ಆವತ್ತ ನಮ್ಮಪ್ಪನ್ನ ನೀವ ಕಳಿಸಿದ್ರೋ ಇಲ್ಲೋ?”

ಹಂಪಣ್ಣನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಬಸ್ಸಿನ ಸದ್ದೆಲ್ಲ ದೂರ ಹೋಯಿತು. ಮಾವ ಅವಳಿಗೂ ಅದನ್ನೇ ಹೇಳಿದ್ದ ಹಾಗಾದರೆ. ಹಂಪಣ್ಣ ಕಳಿಸ್ಯಾನ, ತಪ್ಪು ನಂದು ಅಂತಾನ, ಆದರೆ ಈ ಮಾತು ಅವನ ಮುಂದ ಎತ್ತಬ್ಯಾಡ, ಬಗ್ಗಿದವರಿಗೆ ಬಗ್ಗಿದಿ ಅಂತ ಅನಬಾರದು. ಇಷ್ಟು ವರ್ಷ ಪಂಪಮ್ಮ ತನ್ನನ್ನು ಮೆತ್ತಗೆ ನೋಡಿಕೊಂಡದ್ದು ಸೋತ ಗಂಡನೆಂದು.

ಹೌದು, ನಾನೇ ಕಳಿಸಿದ್ದೆ. ಅಷ್ಟು ಅಂದಿದ್ದರೆ ಆಗುತ್ತಿತ್ತು. ಮಾವನಾಗಿದ್ದರೆ ಉಸಿರಿನಷ್ಟೇ ಸರಾಗವಾಗಿ ಅನ್ನುತ್ತಿದ್ದ. ಆದರೆ ಡಾಕ್ಟರ್ ಹಂಪಣ್ಣ ಯೋಚನೆ ಮಾಡಿದ. ಯೋಚನೆ ಮಾಡಿ ‘ಹೂಂ’ ಎನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ಇರಲಿ ಬಿಡ್ರಿ,” ಎಂದಳು ಪಂಪಮ್ಮ. “ನಾನೂ ಕಳಿಸಿದ್ದಿಲ್ಲ.”

ಹಂಪಣ್ಣ ಕೊರಳಿನ ಹಾರ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಆಮೇಲಿನದು ಬೇಗ ಬೇಗ ನಡೆಯಿತು. ಕಲ್ಲಹಾಳದಲ್ಲಿ ಮಾರೆಪ್ಪ ವಿರುಪಣ್ಣ ಬಾವಿಯ ಪಂಪಿನ ಗುಂಡಿ ಒತ್ತಲು ಇಬ್ಬರಲ್ಲಿ ಯಾರೂ ಮೊದಲು ಹೋಗಲಿಲ್ಲ. ನಾನು ಯಾಕೆ ಬಗ್ಗಲಿ, ಅವನು ಎಂದೂ ಬಗ್ಗಿದವನಲ್ಲವಲ್ಲ ಎಂದು ಇಬ್ಬರದೂ ಒಂದೇ ಮಾತು. ಬಾವಿಯಲ್ಲಿ ನೀರು ತುಂಬಿ ನಿಂತಿತ್ತು, ದಂಡೆಯ ಮೇಲಿನ ಉಳ್ಳಾಗಡ್ಡಿ ಒಣಗಿಹೋಯಿತು. ದುರುಗವ್ವ ಬೇರೆ ಒಲೆ ಹೂಡಿದಳು. ಮುಚ್ಚಿಹೋಗಿದ್ದ ಗಾಯಗಳೆಲ್ಲ ಒಂದೊಂದಾಗಿ ಬಾಯಿ ತೆರೆದವು, ಯಲಬುರ್ಗಾದ ವಕೀಲರಿಗೆ ಕೆಲಸ ಸಿಕ್ಕಿತು. ದೊಡ್ಡಬಸಪ್ಪನನ್ನು ಯಾರೂ ಬೈಯಲಿಲ್ಲ, ಅದೇ ಹೆಚ್ಚು. ಆದರೆ ಅವನು ನಾಳೆ ಸಂತೆ ಇದೆ ಎಂದರೂ ಜನ ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳತೊಡಗಿದರು. ಅವನ ಎತ್ತಿನ ಹಲ್ಲನ್ನೂ ನೋಡತೊಡಗಿದರು.

ಹಂಪಣ್ಣ ಪ್ರಿನ್ಸಿಪಾಲನಾದ. ಕುರ್ಚಿ ದೊಡ್ಡದಿತ್ತು. ಮನೆಯಲ್ಲಿ ಪಂಪಮ್ಮ ಜಗಳವಾಡಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ, ಹೊತ್ತಿಗೆ ಸರಿಯಾಗಿ ಚಹಾ. ಆ ಮೆತ್ತನೆಯ ನೋಟ ಮಾತ್ರ ಹೋಗಿತ್ತು. ಅವನ ಕಣ್ಣಲ್ಲೂ ಅದು ಹೋಗಿತ್ತೆಂದು ಅವನಿಗೆ ಗೊತ್ತಿತ್ತು. ಬೇಸಿಗೆಗೆ ಗಂಗಾವತಿಯ ಅಕ್ಕ ಶೇಖರಮ್ಮನ ಮನೆಗೆ ಹೋಗಿಬರುತ್ತೇನೆಂದು ಹೋದವಳು ಮಳೆಗಾಲ ಬಂದರೂ ಬರಲಿಲ್ಲ. ಹೋಗಿ ಕರೆಯಬೇಕೆಂದು ಅವನಿಗೆ ದಿನಾ ಅನ್ನಿಸುತ್ತಿತ್ತು. ದಿನಾ ಏನೋ ಒಂದು ಅಡ್ಡ ಬರುತ್ತಿತ್ತು. ಕಾಲೇಜು, ಕಮಿಟಿ, ತಲೆನೋವು. ಖರೆ ಹೇಳಬೇಕೆಂದರೆ ಅಡ್ಡ ಬರುತ್ತಿದ್ದದ್ದು ಅವನೇ. ಮಾವ ಹೇಳಿದ್ದ ಆ ಮೊದಲ ಹೆಜ್ಜೆ ಅವನ ಮನೆಯ ಹೊಸ್ತಿಲಲ್ಲೇ ಬಿದ್ದಿತ್ತು, ನಾಯಕತ್ವದ ಡಾಕ್ಟರನಿಗೆ ಅದನ್ನು ಎತ್ತಲಾಗಲಿಲ್ಲ.

ಕೊನೆಗೆ ಅವನು ಕಲ್ಲಹಾಳಕ್ಕೇ ಹೋದ. ಕುಷ್ಟಗಿಯ ಆ ದಿನದ ನಂತರ ಅದೇ ಮೊದಲು. ದೊಡ್ಡಬಸಪ್ಪ ಇಳಿದುಹೋಗಿದ್ದ. ಕಟ್ಟೆಯ ಮೇಲೆ ಒಬ್ಬನೇ ಇದ್ದ. ಮೊದಲೆಲ್ಲ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಹಂಪಣ್ಣ ಕಾಲು ಮುಟ್ಟಿ ತಪ್ಪಾಯಿತೆಂದ. ಮುದುಕ ಆಗಿಹೋಯಿತು ಬಿಡು ಎಂದು ಕುಡಿಯಲು ನೀರು ಕೊಟ್ಟ. ಒಂದೇ ಒಂದು ಸಲ ಗಂಗಾವತಿಗೆ ಹೋಗಿ, ಹಂಪಣ್ಣ ಕರೆಯುತ್ತಿದ್ದಾನೆ, ತಪ್ಪು ಅವನದೇ ಅನ್ನುತ್ತಿದ್ದಾನೆ ಎಂದು ಹೇಳಿ ಬಾ ಎಂದು ಅಳಿಯ ಕೇಳಿಕೊಂಡ. 

ದೊಡ್ಡಬಸಪ್ಪ ಅವನನ್ನೇ ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಹಂಪಣ್ಣನಿಗೆ ಸುಲಭವಾಗುತ್ತಿತ್ತು.

“ಎಲ್ಲಾರ ಮನಿಗೂ ಸುಳ್ಳು ಹೊತ್ತುಗೊಂಡು ಹೋದೆ. ಎಲ್ಲಾರೂ ನಂಬಿದ್ರು. ಇವತ್ತ ಮೊದಲನೇ ಸಲ ಯಾರೋ ಖರೇನ ಹೇಳಿಕಳಸಾಕ ಬಂದಾರ. ಈಗ ನನ್ನ ಯಾರು ನಂಬ್ತಾರ? ನೀನಽ ಹೋಗಪಾ.”

ಹಂಪಣ್ಣ ಹೋದ. ಗಂಗಾವತಿಯ ದಾರಿಯುದ್ದಕ್ಕೂ ಕಾಲುವೆಯ ನೀರು ನಿಂತ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಶೇಖರಮ್ಮನ ಮನೆ ಅಕ್ಕಿ ಗಿರಣಿಯ ಹಿಂದೆ. ಪಂಪಮ್ಮ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಅವನು ಮೆಟ್ಟಿಲು ಹತ್ತಿ ಬಂದುದನ್ನು ನೋಡಿ ಮೊರ ಪಕ್ಕಕ್ಕಿಟ್ಟಳು. ಸೆರಗು ಸರಿಮಾಡಿಕೊಂಡಳು. ಒಂದು ಗಳಿಗೆ ಅವಳ ಮುಖ ಅರಳಿದ ಹಾಗೆ ಅವನಿಗೆ ಕಂಡಿತು. ಆಮೇಲೆ ಅದನ್ನು ಅವಳೇ ತಡೆದಳು.

“ಅಪ್ಪ ಕಳಿಸಿದನೇನು? ನಾ ಕರದೀನಂತ ಹೇಳ್ಯಾನೇನು?”

ಇಲ್ಲ, ನಾನಾಗಿಯೇ ಬಂದೆ ಎನ್ನಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ. ಆದರೆ ಹೋಗೆಂದು ಹೇಳಿದವನು ಮಾವನೇ ಆಗಿದ್ದ. ಈ ಸಲ ಯೋಚನೆ ಮಾಡಲಿಲ್ಲ.

“ಹೋಗಂತ ಹೇಳಿದಂವ ಮಾವನಽ. ನೀ ಕರದಿ ಅಂತ ಹೇಳಲಿಲ್ಲ. ತಪ್ಪು ನಂದು, ಪಂಪಿ. ಆ ಆಕಳಕರು ಹೊಡದು ಕಳಿಸಿದ ದಿನದಿಂದಾನೂ ನಂದಽ.”

ಪಂಪಮ್ಮ ಪಕ್ಕದ ಮೊರದಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. ಅವಳ ಕಣ್ಣು ತುಂಬಿದ್ದನ್ನು ಹಂಪಣ್ಣ ಕಂಡ. ಆದರೆ ದನಿ ನಡುಗಲಿಲ್ಲ.

“ಇದಽ ಮಾತು ಹನ್ನೆರಡು ವರ್ಷದ ಹಿಂದ ಕಲ್ಲಹಾಳಕ್ಕ ಬಂದು ಅಂದಿದ್ರ, ನಮ್ಮಪ್ಪ ಒಂದು ಸುಳ್ಳಾದ್ರೂ ಕಡಿಮಿ ಹೇಳ್ತಿದ್ದ.”

ಅವಳು ಎದ್ದು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವನ ಮುಂದಿಟ್ಟಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ತಿರುಗಿ ಮೊರ ತೆಗೆದುಕೊಂಡು ಕೂತಳು. ಅವನು ನೀರು ಕುಡಿದು, ತಂಬಿಗೆ ಕೆಳಗಿಟ್ಟು, ಅವಳ ಕೆಲಸ ಮುಗಿಯಲೆಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಕೊಂಡ.